ಕಚೇರಿಯ ಗಣಕೀಕೃತ ಕಡತಗಳು: ಒಂದು ಬೀರು, ಹಲವು ಬೀಗದ ಕೈ

ತೆರಿಗೆ, ಸ್ವತ್ತು ಮತ್ತು ಲೆಕ್ಕಪತ್ರಗಳ ಮುಖ್ಯ ದತ್ತಾಂಶವು ಪಂಚತಂತ್ರ, ಇ-ಸ್ವತ್ತು ಮುಂತಾದ ತಂತ್ರಾಂಶಗಳ ಮೂಲಕ ಗ್ರಾಮ ಪಂಚಾಯತಿ ಕಚೇರಿಯ ಹೊರಗಿರುವ ಸರ್ವರ್‌ಗಳಲ್ಲಿ ದಾಖಲಾಗುತ್ತದೆ. ಆದರೆ ಸಭಾ ಸೂಚನಾ ಪತ್ರ, ನಡವಳಿಯ ಕರಡು, ಅಂದಾಜುಪಟ್ಟಿಯ ಪ್ರತಿ, ಕಾಮಗಾರಿಯ ಛಾಯಾಚಿತ್ರ, ಸಾರ್ವಜನಿಕರ ಅರ್ಜಿಗಳ ಸ್ಕ್ಯಾನ್ ಪ್ರತಿ, ಮೇಲಧಿಕಾರಿಗಳೊಂದಿಗಿನ ಪತ್ರವ್ಯವಹಾರ ಇವೆಲ್ಲವೂ ಕಚೇರಿಯ ಗಣಕಯಂತ್ರಗಳಲ್ಲಿಯೇ ಉಳಿಯುತ್ತವೆ. ಅವುಗಳಲ್ಲಿ ಕೆಲವು ಡಾಟಾ ಎಂಟ್ರಿ ಆಪರೇಟರ್ ಅವರ ಯಂತ್ರದಲ್ಲಿ, ಕೆಲವು ಕಾರ್ಯದರ್ಶಿಯವರ ಯಂತ್ರದಲ್ಲಿ, ಮತ್ತೆ ಕೆಲವು ಪೆನ್‌ಡ್ರೈವ್‌ಗಳಲ್ಲಿ ಚದುರಿರುವುದು ಸಾಮಾನ್ಯ.

ಇದರ ಪರಿಣಾಮ ಅಗತ್ಯ ಬಿದ್ದಾಗ ತಿಳಿಯುತ್ತದೆ. ಮಾಹಿತಿ ಹಕ್ಕು ಅಧಿನಿಯಮ 2005ರ ಪ್ರಕಾರ ಅರ್ಜಿ ಬಂದ 30 ದಿನಗಳೊಳಗೆ ಮಾಹಿತಿ ನೀಡಬೇಕು. ದಾಖಲೆಗಳನ್ನು ವರ್ಗೀಕರಿಸಿ ಸೂಚಿಯೊಂದಿಗೆ ಇಟ್ಟುಕೊಳ್ಳುವುದೂ ಅದೇ ಅಧಿನಿಯಮದ 4ನೇ ಪ್ರಕರಣದಂತೆ ಸಾರ್ವಜನಿಕ ಪ್ರಾಧಿಕಾರದ ಹೊಣೆ. ಜಮಾಬಂದಿಯ ದಿನ ಕಾಮಗಾರಿಯ ಮೂರು ಹಂತದ ಛಾಯಾಚಿತ್ರಗಳನ್ನು ಕೇಳಿದಾಗ, ಅವು ರಜೆಯಲ್ಲಿರುವ ಸಿಬ್ಬಂದಿಯ ಯಂತ್ರದಲ್ಲಿದ್ದು ಅದರ ಪಾಸ್‌ವರ್ಡ್ ಬೇರೆಯವರಿಗೆ ಗೊತ್ತಿಲ್ಲದಿದ್ದರೆ, ಆ ದಾಖಲೆ ಇದ್ದೂ ಇಲ್ಲದಂತೆ.

ಇದಕ್ಕೆ ಪರಿಹಾರವೆಂದರೆ ಎಲ್ಲ ಕಡತಗಳನ್ನೂ ಒಂದು ಸರ್ವರ್‌ನಲ್ಲಿ ಇರಿಸಿ, ಉಳಿದ ಯಂತ್ರಗಳಿಂದ ಅಧಿಕಾರಕ್ಕೆ ತಕ್ಕಂತೆ ಬಳಸುವ ವ್ಯವಸ್ಥೆ. ಅದನ್ನು ಅಳವಡಿಸುವವರು ತಂತ್ರಜ್ಞರು. ಆದರೆ ಯಾವ ಕಡತವನ್ನು ಯಾರು ನೋಡಬಹುದು, ಯಾರು ತಿದ್ದಬಹುದು ಎಂಬುದು ಆಡಳಿತದ ಪ್ರಶ್ನೆ. ಅದನ್ನು ತಂತ್ರಜ್ಞರಿಗೆ ಬಿಟ್ಟುಕೊಡದೆ ಪಂಚಾಯತಿಯೇ ಮೊದಲು ತೀರ್ಮಾನಿಸಬೇಕು. ಆ ತೀರ್ಮಾನಕ್ಕೆ ಬೇಕಾದಷ್ಟು ತಿಳಿವಳಿಕೆ ಸದಸ್ಯರಿಗೆ ದೊರೆಯಲಿ ಎಂಬುದೇ ಈ ಲೇಖನದ ಉದ್ದೇಶ.

ಸಾಂಬಾ ಎಂದರೇನು

ಕಚೇರಿಯ ಮೇಜಿನ ಮೇಲಿನ ಗಣಕಯಂತ್ರಗಳಲ್ಲಿ ಹೆಚ್ಚಾಗಿ ವಿಂಡೋಸ್ ಕಾರ್ಯಾಚರಣೆ ವ್ಯವಸ್ಥೆ ಇರುತ್ತದೆ. ಸರ್ವರ್‌ಗಳಲ್ಲಿ ಯೂನಿಕ್ಸ್, ಅಥವಾ ಅದರ ಮಾದರಿಯಲ್ಲಿ ರೂಪುಗೊಂಡ ಲಿನಕ್ಸ್, ವ್ಯಾಪಕ ಬಳಕೆಯಲ್ಲಿದೆ. ಕಡತವನ್ನು ಜಾಲದ ಮೂಲಕ ಕೇಳುವ ಮತ್ತು ಕೊಡುವ ರೀತಿ ಇವೆರಡರಲ್ಲಿ ಬೇರೆ ಬೇರೆ. ವಿಂಡೋಸ್ ಯಂತ್ರಗಳು ಇದಕ್ಕೆ ಎಸ್‌ಎಂಬಿ ಎಂಬ ನಿಯಮಾವಳಿಯನ್ನು ಬಳಸುತ್ತವೆ. ಇದು 1980ರ ದಶಕದಲ್ಲಿ ಐಬಿಎಂ ಸಂಸ್ಥೆಯಲ್ಲಿ ಹುಟ್ಟಿ, ಮೈಕ್ರೋಸಾಫ್ಟ್ ಸಂಸ್ಥೆಯಿಂದ ಬೆಳೆದ ನಿಯಮಾವಳಿ.

ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿರುವ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಡ್ಜೆಲ್ ಅವರು ಯೂನಿಕ್ಸ್ ಯಂತ್ರವು ಈ ನಿಯಮಾವಳಿಯಲ್ಲಿ ಉತ್ತರಿಸುವಂತೆ ಮಾಡುವ ತಂತ್ರಾಂಶವನ್ನು ಬರೆದು 1992ರಲ್ಲಿ ಬಿಡುಗಡೆ ಮಾಡಿದರು. ಎಸ್, ಎಂ, ಬಿ ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಪದವನ್ನು ಪದಪಟ್ಟಿಯಲ್ಲಿ ಹುಡುಕಿ ಅದಕ್ಕೆ ಸಾಂಬಾ ಎಂದು ಹೆಸರಿಟ್ಟರು. ಸಾಂಬಾ ಒಬ್ಬ ದುಭಾಷಿಯಂತೆ ಕೆಲಸ ಮಾಡುತ್ತದೆ. ವಿಂಡೋಸ್ ಯಂತ್ರಕ್ಕೆ ಎದುರಿಗಿರುವುದು ಮತ್ತೊಂದು ವಿಂಡೋಸ್ ಸರ್ವರ್‌ನಂತೆಯೇ ಕಾಣುತ್ತದೆ. ಕಡತ ಮಾತ್ರ ಲಿನಕ್ಸ್ ಯಂತ್ರದ ಡಿಸ್ಕ್‌ನಲ್ಲಿರುತ್ತದೆ. ಬಳಕೆದಾರರು ಹೊಸದೇನನ್ನೂ ಕಲಿಯಬೇಕಾಗಿಲ್ಲ.

ವೆಚ್ಚ

ಸಾಂಬಾ ಮುಕ್ತ ತಂತ್ರಾಂಶವಾಗಿದೆ. ಬಳಕೆದಾರರ ಸಂಖ್ಯೆ ಹೆಚ್ಚಿದರೂ ಪರವಾನಗಿ ಶುಲ್ಕವಿಲ್ಲ. ಡೆಬಿಯನ್, ಉಬುಂಟು ಮುಂತಾದ ಲಿನಕ್ಸ್ ಆವೃತ್ತಿಗಳೂ ಉಚಿತವಾಗಿ ದೊರೆಯುತ್ತವೆ. ನಾಲ್ಕೈದು ಯಂತ್ರಗಳ ಕಚೇರಿಗೆ ದೊಡ್ಡ ಸರ್ವರ್ ಬೇಕಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಹೊಂದದ ಹಳೆಯ ಯಂತ್ರವು ಸುಸ್ಥಿತಿಯಲ್ಲಿದ್ದರೆ ಅದೇ ಈ ಕೆಲಸಕ್ಕೆ ಸಾಕಾಗಬಹುದು. ಡಿಸ್ಕ್ ಮಾತ್ರ ಹೊಸದಾಗಿರುವುದು ಒಳಿತು. ಯುಪಿಎಸ್, ಜಾಲದ ಕೇಬಲ್ ಮತ್ತು ನಕಲು ಪ್ರತಿಗಾಗಿ ಎರಡು ಬಾಹ್ಯ ಡಿಸ್ಕ್‌ಗಳಿಗೆ ಹಣ ಬೇಕಾಗುತ್ತದೆ. ಅಳವಡಿಕೆಯ ಕೂಲಿ ಮತ್ತು ವಾರ್ಷಿಕ ನಿರ್ವಹಣೆಯ ವೆಚ್ಚವನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಯಾರಿಗೆ ಯಾವ ಬೀಗದ ಕೈ

ಲಿನಕ್ಸ್ ಯಂತ್ರದಲ್ಲಿ ಪ್ರತಿಯೊಂದು ಕಡತಕ್ಕೂ ಒಬ್ಬ ಒಡೆಯ, ಒಂದು ಗುಂಪು ಮತ್ತು ಇತರರು ಎಂಬ ಮೂರು ವರ್ಗಗಳಿರುತ್ತವೆ. ಪ್ರತಿ ವರ್ಗಕ್ಕೂ ಓದುವ ಮತ್ತು ಬರೆಯುವ ಅನುಮತಿಯನ್ನು ಪ್ರತ್ಯೇಕವಾಗಿ ಕೊಡಬಹುದು. ಇದರ ಮೇಲೆ ಸಾಂಬಾ ತನ್ನದೇ ಆದ ಅನುಮತಿಪಟ್ಟಿಯನ್ನು ಇಟ್ಟುಕೊಳ್ಳುತ್ತದೆ. ಸಾಂಬಾದ ಪಟ್ಟಿ ಕೊಠಡಿಯ ಬಾಗಿಲಿನ ಬೀಗವಿದ್ದಂತೆ. ಲಿನಕ್ಸ್‌ನ ಅನುಮತಿ ಒಳಗಿನ ಬೀರುವಿನ ಬೀಗವಿದ್ದಂತೆ. ಎರಡೂ ತೆರೆದರೆ ಮಾತ್ರ ಕಡತ ಕೈಗೆ ಸಿಗುತ್ತದೆ. ಎರಡರಲ್ಲಿ ಬಿಗಿಯಾದ ನಿಯಮವೇ ಅನ್ವಯವಾಗುತ್ತದೆ.

ಉದಾಹರಣೆಗೆ, ಕಚೇರಿಯೊಂದರ ಹಂಚಿಕೆಯನ್ನು ಹೀಗೆ ಯೋಜಿಸಬಹುದು:

1. ಸಭೆ: ಸೂಚನಾ ಪತ್ರಗಳು, ನಡವಳಿಯ ಕರಡು. ಪಂಚಾಯತಿ ಅಭಿವೃದ್ಧಿ ಅಧಿಕಾರಿ ಮತ್ತು ಕಾರ್ಯದರ್ಶಿ ಬರೆಯಬಹುದು. ಉಳಿದ ಸಿಬ್ಬಂದಿ ಓದಬಹುದು. ಸಹಿಯಾದ ನಡವಳಿಯ ಸ್ಕ್ಯಾನ್ ಪ್ರತಿಗಳನ್ನು ಎಲ್ಲರಿಗೂ ಓದಲು ಮಾತ್ರ ಸಾಧ್ಯವಿರುವ ಪ್ರತ್ಯೇಕ ಫೋಲ್ಡರ್‌ನಲ್ಲಿ ಇಡಬೇಕು.

2. ಲೆಕ್ಕ: ವೋಚರ್‌ಗಳ ಸ್ಕ್ಯಾನ್ ಪ್ರತಿ, ತಃಖ್ತೆಗಳು. ಅಭಿವೃದ್ಧಿ ಅಧಿಕಾರಿ ಮತ್ತು ಲೆಕ್ಕ ಸಹಾಯಕರಿಗೆ ಮಾತ್ರ ಪ್ರವೇಶ.

3. ಕಾಮಗಾರಿ: ಅಂದಾಜುಪಟ್ಟಿ, ಛಾಯಾಚಿತ್ರ. ಡಾಟಾ ಎಂಟ್ರಿ ಆಪರೇಟರ್ ಮತ್ತು ಕಾರ್ಯದರ್ಶಿ ಬರೆಯಬಹುದು, ಎಲ್ಲರೂ ಓದಬಹುದು.

4. ಫಲಾನುಭವಿಗಳು: ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಪ್ರತಿಗಳು. ಇದು ಜನರ ಖಾಸಗಿ ಮಾಹಿತಿ. ಸಂಬಂಧಪಟ್ಟ ಒಬ್ಬಿಬ್ಬರ ಹೊರತು ಯಾರಿಗೂ ಪ್ರವೇಶ ಇರಬಾರದು.

ಇಲ್ಲಿ ಒಂದು ನಿಯಮವನ್ನು ಸಡಿಲಿಸಬಾರದು: ಒಬ್ಬರಿಗೆ ಒಂದು ಖಾತೆ, ಒಂದು ಪಾಸ್‌ವರ್ಡ್. ಎಲ್ಲರೂ ಒಂದೇ ಖಾತೆಯನ್ನು ಬಳಸಿದರೆ ಯಾವ ಕಡತವನ್ನು ಯಾರು ತಿದ್ದಿದರು, ಯಾರು ಅಳಿಸಿದರು ಎಂಬುದು ಎಂದಿಗೂ ತಿಳಿಯದು. ಪ್ರತ್ಯೇಕ ಖಾತೆಗಳಿದ್ದಲ್ಲಿ, ಯಾರು ಯಾವ ಕಡತವನ್ನು ತೆರೆದರು ಮತ್ತು ಅಳಿಸಿದರು ಎಂಬ ವಿವರವನ್ನು ಬರೆದಿಡುವ ಸೌಲಭ್ಯವನ್ನು ಸಾಂಬಾದಲ್ಲಿ ಚಾಲನೆಗೊಳಿಸಬಹುದು. ತಪ್ಪು ಮಾಡದ ಸಿಬ್ಬಂದಿಗೂ ಅದು ರಕ್ಷಣೆ.

ಅಳವಡಿಕೆಯ ಹಂತಗಳು

ಮೊದಲಿಗೆ ಸರ್ವರ್‌ಗೆ ಕಚೇರಿಯ ಜಾಲದಲ್ಲಿ ಬದಲಾಗದ ವಿಳಾಸವನ್ನು ಕೊಡಲಾಗುತ್ತದೆ. ವಿಳಾಸ ಬದಲಾಗುತ್ತಿದ್ದರೆ ಇತರ ಯಂತ್ರಗಳಿಗೆ ಸರ್ವರ್ ಸಿಗದು.

ಎರಡನೆಯದಾಗಿ, ಲಿನಕ್ಸ್‌ನಲ್ಲಿ ಸಿಬ್ಬಂದಿಯ ಖಾತೆಗಳನ್ನೂ ಸಭೆ, ಲೆಕ್ಕ ಮುಂತಾದ ಗುಂಪುಗಳನ್ನೂ ರಚಿಸಲಾಗುತ್ತದೆ. ಬಳಿಕ ಪ್ರತಿ ಖಾತೆಗೂ ಸಾಂಬಾದ ಪಾಸ್‌ವರ್ಡನ್ನು ಬೇರೆಯಾಗಿ ನಮೂದಿಸಬೇಕು. ಸಾಮಾನ್ಯ ಅಳವಡಿಕೆಯಲ್ಲಿ ಲಿನಕ್ಸ್‌ನ ಪಾಸ್‌ವರ್ಡ್ ಪಟ್ಟಿಯೂ ಸಾಂಬಾದ ಪಾಸ್‌ವರ್ಡ್ ಪಟ್ಟಿಯೂ ಎರಡು ಪ್ರತ್ಯೇಕ ಪಟ್ಟಿಗಳು. ಒಂದನ್ನು ಬದಲಿಸಿದರೆ ಮತ್ತೊಂದು ತಾನಾಗಿ ಬದಲಾಗುವುದಿಲ್ಲ.

ಮೂರನೆಯದಾಗಿ, ಫೋಲ್ಡರ್‌ಗಳನ್ನು ಸೃಷ್ಟಿಸಿ ಅವುಗಳನ್ನು ಆಯಾ ಗುಂಪಿಗೆ ಸೇರಿಸಲಾಗುತ್ತದೆ. ಫೋಲ್ಡರ್‌ನಲ್ಲಿ ಹೊಸದಾಗಿ ಹುಟ್ಟುವ ಪ್ರತಿಯೊಂದು ಕಡತವೂ ಅದೇ ಗುಂಪಿಗೆ ಸೇರುವಂತೆ ಮತ್ತು ಗುಂಪಿನವರಿಗೆ ಬರೆಯುವ ಅನುಮತಿ ಇರುವಂತೆ ಸೂಚನೆ ಕೊಡಬೇಕು. ಇದನ್ನು ಮರೆತರೆ ಕಾರ್ಯದರ್ಶಿ ಸೃಷ್ಟಿಸಿದ ಕಡತವನ್ನು ಅಭಿವೃದ್ಧಿ ಅಧಿಕಾರಿ ತಿದ್ದಲಾಗದು.

ನಾಲ್ಕನೆಯದಾಗಿ, ಸಾಂಬಾದ ಸಂರಚನಾ ಕಡತದಲ್ಲಿ ಪ್ರತಿ ಹಂಚಿಕೆಗೂ ಅದರ ಹೆಸರು, ಡಿಸ್ಕ್‌ನಲ್ಲಿರುವ ಸ್ಥಳ, ಪ್ರವೇಶವಿರುವವರು ಮತ್ತು ಬರೆಯಬಲ್ಲವರು ಎಂಬ ಕೆಲವೇ ಸಾಲುಗಳನ್ನು ಬರೆಯಲಾಗುತ್ತದೆ. ಬರೆದದ್ದು ಸರಿಯಿದೆಯೇ ಎಂದು ಪರಿಶೀಲಿಸಲು ಟೆಸ್ಟ್‌ಪಾರ್ಮ್ ಎಂಬ ಉಪಕರಣವು ಸಾಂಬಾದೊಂದಿಗೇ ಬರುತ್ತದೆ.

ಐದನೆಯದಾಗಿ, ವಿಂಡೋಸ್ ಯಂತ್ರದಲ್ಲಿ ಎರಡು ಹಿಮ್ಮುಖ ಓರೆಗೆರೆ, ಸರ್ವರ್‌ನ ಹೆಸರು, ಮತ್ತೊಂದು ಹಿಮ್ಮುಖ ಓರೆಗೆರೆ ಹಾಗೂ ಹಂಚಿಕೆಯ ಹೆಸರನ್ನು ಬರೆದು ಸಂಪರ್ಕಿಸಲಾಗುತ್ತದೆ. ಅದಕ್ಕೆ ಒಂದು ಡ್ರೈವ್ ಅಕ್ಷರವನ್ನು ಕೊಟ್ಟರೆ ಪ್ರತಿದಿನವೂ ಸಾಮಾನ್ಯ ಡ್ರೈವ್‌ನಂತೆ ತೆರೆಯಬಹುದು.

ಕೊನೆಯದಾಗಿ ಪರೀಕ್ಷೆ. ಪ್ರತಿ ಖಾತೆಯಿಂದಲೂ ಆಗಬೇಕಾದ ಕೆಲಸ ಆಗುತ್ತಿದೆಯೇ ಎಂದು ನೋಡಿದರೆ ಸಾಲದು. ಆಗಬಾರದ ಕೆಲಸ ಆಗುತ್ತಿಲ್ಲವೆಂಬುದನ್ನೂ ನೋಡಬೇಕು. ಕರವಸೂಲಿಗಾರರ ಖಾತೆಯಿಂದ ಲೆಕ್ಕದ ಫೋಲ್ಡರ್ ತೆರೆದುಕೊಂಡರೆ ಅಳವಡಿಕೆ ಪೂರ್ಣವಾಗಿಲ್ಲವೆಂದೇ ಅರ್ಥ. ಈ ಪರೀಕ್ಷೆ ಮುಗಿಯುವವರೆಗೆ ಬಿಲ್ ಪಾವತಿಸದಿರುವುದು ಸೂಕ್ತ.

ಒಪ್ಪಬಾರದ ಸುಲಭ ಮಾರ್ಗಗಳು

ಅಳವಡಿಕೆಯ ವೇಳೆ ಎರಡು ತೊಂದರೆಗಳು ಮತ್ತೆ ಮತ್ತೆ ಎದುರಾಗುತ್ತವೆ. ವಿಂಡೋಸ್‌ನ ಜಾಲದ ಪಟ್ಟಿಯಲ್ಲಿ ಸರ್ವರ್ ಕಾಣಿಸದಿರುವುದು ಮೊದಲನೆಯದು. ಎಸ್‌ಎಂಬಿಯ ಹಳೆಯ ಮೊದಲ ಆವೃತ್ತಿಯನ್ನು ಚಾಲನೆಗೊಳಿಸಿದರೆ ಇದು ಸರಿಹೋಗುವುದೆಂದು ಸಲಹೆ ಬರಬಹುದು. ಅದನ್ನು ಒಪ್ಪಬಾರದು. 2017ರ ಮೇ 12ರಂದು ಹರಡಲಾರಂಭಿಸಿದ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶವು ವಿಂಡೋಸ್‌ನಲ್ಲಿದ್ದ ಇದೇ ಮೊದಲ ಆವೃತ್ತಿಯ ದೋಷವನ್ನು ಬಳಸಿ ಯಂತ್ರದಿಂದ ಯಂತ್ರಕ್ಕೆ ಹಬ್ಬಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಸೇವೆಯೂ ಅದರಿಂದ ಅಸ್ತವ್ಯಸ್ತಗೊಂಡಿತು. ದೋಷ ಸರಿಪಡಿಸುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಆ ಮಾರ್ಚ್‌ನಲ್ಲಿಯೇ ಬಿಡುಗಡೆ ಮಾಡಿತ್ತು. ಅದನ್ನು ಅಳವಡಿಸಿಕೊಳ್ಳದ ಯಂತ್ರಗಳು ತುತ್ತಾದವು. 2019ರಲ್ಲಿ ಬಂದ ಸಾಂಬಾ 4.11ರಿಂದ ಮೊದಲ ಆವೃತ್ತಿಯು ಪೂರ್ವನಿಯೋಜಿತವಾಗಿಯೇ ಸ್ಥಗಿತಗೊಂಡಿದೆ. ಸರ್ವರ್ ಪಟ್ಟಿಯಲ್ಲಿ ಕಾಣದಿದ್ದರೂ ವಿಳಾಸವನ್ನು ನೇರವಾಗಿ ಬರೆದರೆ ತೆರೆದುಕೊಳ್ಳುತ್ತದೆ, ಅಷ್ಟು ಸಾಕು.

ಎರಡನೆಯದು, ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶ. ಅದಕ್ಕೆ ಅವಕಾಶ ಕೊಟ್ಟರೆ ಕಚೇರಿಯ ವೈಫೈಗೆ ಸೇರಿದ ಯಾರ ಮೊಬೈಲ್‌ನಿಂದಲೂ ಕಡತ ತೆರೆಯಬಹುದಾಗುತ್ತದೆ. ಇದೇ ಕಾರಣಕ್ಕೆ ಸಾರ್ವಜನಿಕರಿಗೆ ಕೊಡುವ ವೈಫೈ ಮತ್ತು ಕಚೇರಿಯ ಜಾಲ ಬೇರೆ ಬೇರೆಯಾಗಿರಬೇಕು. ಸಾಂಬಾ ಸರ್ವರ್ ಕಚೇರಿಯ ಒಳಜಾಲಕ್ಕೆ ಮಾತ್ರ ಸೀಮಿತವಾಗಿರಬೇಕು. ಅಂತರಜಾಲದಿಂದ ನೇರವಾಗಿ ತಲುಪುವಂತೆ ಇರಬಾರದು.

ಲಿನಕ್ಸ್ ಎಂದ ಮಾತ್ರಕ್ಕೆ ಅಪಾಯವಿಲ್ಲವೆಂದು ಭಾವಿಸುವಂತಿಲ್ಲ. 2017ರ ಅದೇ ಮೇ ತಿಂಗಳಲ್ಲಿ ಸಾಂಬಾದಲ್ಲಿಯೂ ಗಂಭೀರ ದೋಷವೊಂದು ಪ್ರಕಟವಾಗಿ, ಅದನ್ನು ಸರಿಪಡಿಸಿದ ಆವೃತ್ತಿಗಳು ಬಂದವು. ತಂತ್ರಾಂಶದ ಪರಿಷ್ಕರಣೆಯನ್ನು ನಿಯತವಾಗಿ ಮಾಡುವ ಹೊಣೆಯನ್ನು ನಿರ್ವಹಣಾ ಕರಾರಿನಲ್ಲಿಯೇ ಬರೆದಿರಬೇಕು.

ಕನ್ನಡದ ಕಡತಗಳ ವಿಷಯ

ಕಡತದ ಹೆಸರನ್ನು ಯೂನಿಕೋಡ್ ಕನ್ನಡದಲ್ಲಿ ಕೊಟ್ಟರೆ ಎರಡೂ ಕಡೆ ಸರಿಯಾಗಿ ಕಾಣುತ್ತದೆ. ಆದರೆ ಬಳಕೆಯಲ್ಲಿರುವ ಲಿನಕ್ಸ್ ಡಿಸ್ಕ್ ವಿನ್ಯಾಸದಲ್ಲಿ ಹೆಸರಿನ ಮಿತಿ 255 ಬೈಟ್. ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ 85 ಸಂಕೇತಗಳಿಗೆ ಮಿತಿ ಮುಗಿಯುತ್ತದೆ. ಗುಣಿತ ಮತ್ತು ಒತ್ತಕ್ಷರಗಳೂ ಪ್ರತ್ಯೇಕ ಸಂಕೇತಗಳನ್ನು ಬಳಸುತ್ತವೆ. ಆದ್ದರಿಂದ ಪತ್ರದ ವಿಷಯವನ್ನೆಲ್ಲ ಕಡತದ ಹೆಸರಾಗಿ ಬರೆಯದೆ, ದಿನಾಂಕ ಮತ್ತು ಎರಡು ಮೂರು ಪದಗಳ ಚಿಕ್ಕ ಹೆಸರನ್ನು ಕೊಡಬೇಕು. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಕಡತಗಳು, ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಇದು ಸರ್ವರ್‌ನ ದೋಷವಲ್ಲ. ಅಂತಹ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಹಂಚಿಕೆ ಬೇರೆ, ನಕಲು ಪ್ರತಿ ಬೇರೆ

ಎಲ್ಲ ಕಡತಗಳೂ ಒಂದೇ ಕಡೆ ಸೇರಿದಾಗ ಹುಡುಕುವುದು ಸುಲಭವಾಗುತ್ತದೆ, ಕಳೆದುಕೊಳ್ಳುವುದೂ ಸುಲಭವಾಗುತ್ತದೆ. ಸರ್ವರ್‌ನ ಕಡತವನ್ನು ವಿಂಡೋಸ್ ಯಂತ್ರದಿಂದ ಅಳಿಸಿದರೆ ಅದು ಆ ಯಂತ್ರದ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ. ಅಳಿಸಿದ ಕಡತವನ್ನು ಬೇರೆಡೆ ಉಳಿಸಿಕೊಳ್ಳುವ ಸೌಲಭ್ಯ ಸಾಂಬಾದಲ್ಲಿದೆ. ಅದನ್ನು ಕೇಳಿ ಚಾಲನೆಗೊಳಿಸಬೇಕು. ವಿಂಡೋಸ್ ಯಂತ್ರವೊಂದಕ್ಕೆ ಸುಲಿಗೆ ತಂತ್ರಾಂಶ ತಗುಲಿದರೆ, ಅದನ್ನು ಬಳಸುತ್ತಿರುವವರಿಗೆ ಬರೆಯುವ ಅನುಮತಿ ಇರುವ ಫೋಲ್ಡರ್‌ಗಳೆಲ್ಲವೂ ಹಾಳಾಗಬಹುದು. ಅಗತ್ಯವಿಲ್ಲದವರಿಗೆ ಬರೆಯುವ ಅನುಮತಿ ಕೊಡಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ವಾರಕ್ಕೊಮ್ಮೆಯಾದರೂ ಬಾಹ್ಯ ಡಿಸ್ಕ್‌ಗೆ ನಕಲು ತೆಗೆದು, ಕೂಡಲೇ ಅದನ್ನು ಯಂತ್ರದಿಂದ ಬೇರ್ಪಡಿಸಿ ಇಡಬೇಕು. ಎರಡು ಡಿಸ್ಕ್‌ಗಳನ್ನು ಸರದಿಯಂತೆ ಬಳಸಿ, ಒಂದನ್ನು ಬೇರೆ ಕಟ್ಟಡದಲ್ಲಿ ಬೀಗದ ಭದ್ರತೆಯಲ್ಲಿ ಇರಿಸುವುದು ಒಳ್ಳೆಯದು. ಮೂರು ತಿಂಗಳಿಗೊಮ್ಮೆ ನಕಲಿನಿಂದ ಒಂದು ಕಡತವನ್ನು ಮರಳಿ ತೆಗೆದು ತೆರೆದು ನೋಡಬೇಕು. ಸಹಿ ಮಾಡಿದ ನಡವಳಿ ಪುಸ್ತಕ ಮತ್ತು ಮೂಲ ದಾಖಲೆಗಳನ್ನು ಈಗಿನಂತೆಯೇ ಕಾಪಾಡಬೇಕು. ಸರ್ವರ್ ಅವುಗಳಿಗೆ ಬದಲಿಯಲ್ಲ.

ಸಭೆಯಲ್ಲಿ ತೀರ್ಮಾನಿಸಬೇಕಾದ ಅಂಶಗಳು

ತಂತ್ರಜ್ಞರನ್ನು ಕರೆಯುವ ಮೊದಲು ಈ ಕೆಳಕಂಡ ಅಂಶಗಳನ್ನು ಸಾಮಾನ್ಯ ಸಭೆಯಲ್ಲಿ ಚರ್ಚಿಸಿ ಠರಾವಿನಲ್ಲಿ ದಾಖಲಿಸುವುದು ಸೂಕ್ತ:

1. ಯಾವ ಯಾವ ಫೋಲ್ಡರ್‌ಗಳು ಇರಬೇಕು. ಪ್ರತಿಯೊಂದನ್ನು ಓದುವವರು ಮತ್ತು ಬರೆಯುವವರು ಯಾವ ಹುದ್ದೆಯವರು. ವ್ಯಕ್ತಿಯ ಹೆಸರಿನ ಬದಲು ಹುದ್ದೆಯನ್ನು ನಮೂದಿಸಬೇಕು.

2. ಸಿಬ್ಬಂದಿ ವರ್ಗಾವಣೆಯಾದ ದಿನವೇ ಅವರ ಖಾತೆಯನ್ನು ಸ್ಥಗಿತಗೊಳಿಸಿ, ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಅದನ್ನು ದಾಖಲಿಸುವವರು ಯಾರು.

3. ಸರ್ವರ್‌ನ ಮುಖ್ಯ ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿ ಯಾರ ವಶದಲ್ಲಿ ಇಡಬೇಕು. ಅದು ಹೊರಗಿನ ತಂತ್ರಜ್ಞರೊಬ್ಬರ ಬಳಿ ಮಾತ್ರ ಇರಬಾರದು.

4. ವಾರದ ನಕಲು ಪ್ರತಿ ತೆಗೆದು ಪುಸ್ತಕದಲ್ಲಿ ಸಹಿ ಮಾಡುವವರು ಯಾರು. ಅದನ್ನು ಪರಿಶೀಲಿಸುವವರು ಯಾರು.

5. ಪರಿಷ್ಕರಣೆ ಮತ್ತು ದುರಸ್ತಿಯ ಹೊಣೆ ಯಾರದು; ಅದಕ್ಕೆ ವರ್ಷಕ್ಕೆ ಎಷ್ಟು ಮೊತ್ತ ಕಾದಿರಿಸಬೇಕು.

ಈ ಐದು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರವಿದ್ದಲ್ಲಿ ಅಳವಡಿಕೆಯ ಕೆಲಸ ದೀರ್ಘವಾದುದಲ್ಲ. ಉತ್ತರವಿಲ್ಲದೆ ಯಂತ್ರವನ್ನು ಮಾತ್ರ ಖರೀದಿಸಿದರೆ, ಚದುರಿದ್ದ ದಾಖಲೆಗಳು ಒಂದೇ ಕಡೆ ಸೇರುತ್ತವೆಯೇ ಹೊರತು ಅವುಗಳಿಗೆ ಹೊಣೆಗಾರರು ಯಾರೆಂಬುದು ಹಿಂದಿನಂತೆಯೇ ಅಸ್ಪಷ್ಟವಾಗಿ ಉಳಿಯುತ್ತದೆ.