ಮಕ್ಕಳಿಗೆ ಹೊಲಿಗೆ ಹಾಕುವ ಮುನ್ನ ಮಂಪರು ಔಷಧಿ: ಹೆದರಬೇಡಿ, ಆದ್ರೆ ಇಷ್ಟು ತಿಳ್ಕೊಳ್ಳಿ

ಕಲಬುರಗಿ: ಆಡುವಾಗ ಬಿದ್ದು ಹಣೆ ಒಡೆದ ಮಗು, ಹೊಲಿಗೆ ಅಂದ ಕೂಡಲೇ ಚೀರಾಟ. ನಾಲ್ಕು ಮಂದಿ ಕೈಕಾಲು ಒತ್ತಿ ಹಿಡಿದರೆ ಕೆಲಸ ಮುಗೀತದೆ, ಆದ್ರೆ ಆ ಹೆದರಿಕೆ ಮಗುವಿನ ಮನಸ್ಸಿನಲ್ಲಿ ಉಳೀತದೆ. ಮುಂದೆ ಸೂಜಿ ಕಂಡರೂ ಓಡ್ತದೆ.

ಎಲ್ಲ ಮಕ್ಕಳಿಗೂ ಮಂಪರು ಬೇಕಾಗಲ್ಲ. ತಾಯಿ ತೊಡೆಯ ಮೇಲೆ ಕೂರಿಸಿ, ಮೊಬೈಲ್‌ನಲ್ಲಿ ಹಾಡು ತೋರಿಸಿ, ಗಾಯದ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ಎಷ್ಟೋ ಮಕ್ಕಳು ಸುಮ್ಮನಿರ್ತಾರೆ. ಅಷ್ಟಕ್ಕೂ ಆಗದಿದ್ದರೆ, ಇಲ್ಲವೇ ಮುರಿದ ಎಲುಬು ಕೂಡಿಸಬೇಕಿದ್ದರೆ, ವೈದ್ಯರು ಮಂಪರು ಔಷಧಿ ಕೊಡ್ತಾರೆ.

ಹೆಚ್ಚು ಬಳಕೆಯಲ್ಲಿರುವುದು ಎರಡು. ಮಿಡಜೋಲಮ್ ಅನ್ನು ಮೂಗಿನೊಳಗೆ ಸಿಂಪಡಿಸಬಹುದು. 10-15 ನಿಮಿಷದಲ್ಲಿ ಹೆದರಿಕೆ ತಗ್ಗಿಸ್ತದೆ, ಆದ್ರೆ ನೋವು ಕಡಿಮೆ ಮಾಡಲ್ಲ. ಕೆಟಮಿನ್ ಇಂಜೆಕ್ಷನ್ ನೋವು, ಹೆದರಿಕೆ ಎರಡನ್ನೂ ಮರೆಸ್ತದೆ. 1985ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿ ಪಟ್ಟಿಯಲ್ಲಿದೆ. ಕೆಟಮಿನ್ ಕೊಟ್ಟಾಗ ಮಗು ಕಣ್ಣು ತೆರೆದೇ ಇರಬಹುದು, ಕಣ್ಣುಗುಡ್ಡೆ ಅತ್ತಿತ್ತ ಆಡಬಹುದು. ಗಾಬರಿ ಬೇಡ, ಅದು ಔಷಧಿಯ ಗುಣ. ಎಚ್ಚರವಾದಾಗ ಕೆಲವರಿಗೆ ವಾಂತಿ ಆಗ್ತದೆ.

ಅಪಾಯ ಇಲ್ಲವೇ ಅಂದ್ರೆ, ಇದೆ. ಉಸಿರು ನಿಧಾನವಾಗಬಹುದು. ಅದಕ್ಕೇ ಆಮ್ಲಜನಕ, ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಮತ್ತು ಮಗುವಿನ ಉಸಿರನ್ನೇ ನೋಡ್ತಾ ಕೂರುವ ತರಬೇತಿ ಪಡೆದ ಇನ್ನೊಬ್ಬರು ಬೇಕು. ಈ ಅನುಕೂಲ ಇಲ್ಲದ ಸಣ್ಣ ಕ್ಲಿನಿಕ್‌ನವರು 'ದೊಡ್ಡ ಆಸ್ಪತ್ರೆಗೆ ಹೋಗ್ರಿ' ಅಂದ್ರೆ ಸಿಟ್ಟಾಗಬೇಡಿ. ಅವರು ಸರಿಯಾದದ್ದನ್ನೇ ಹೇಳಿರ್ತಾರೆ.

ಪಾಲಕರು ಮಾಡಬೇಕಾದ್ದು ಇಷ್ಟು:

ಕಮಲಾಪುರದ ಹಳ್ಳಿಗಳಿಂದ ಹುಮನಾಬಾದ್ ರಸ್ತೆ ಹಿಡಿದು ನಗರಕ್ಕೆ ಬರುವಾಗ ಅಳು ನಿಲ್ಲಲಿ ಅಂತ ಬಿಸ್ಕಿಟ್, ಬಾಳೆಹಣ್ಣು, ಹಾಲು ಕೊಡಬೇಡಿ. ಹೊಟ್ಟೆ ತುಂಬಿದ್ದರೆ ವಾಂತಿ ಶ್ವಾಸಕ್ಕೆ ಸಿಕ್ಕುವ ಭಯ ಇರ್ತದೆ. ಕೊನೆಗೆ ಏನು ತಿಂದದೆ, ಎಷ್ಟು ಹೊತ್ತಿಗೆ ಅಂತ ಮುಚ್ಚಿಡದೆ ಹೇಳಿ.

ಉಬ್ಬಸ, ನೆಗಡಿ, ನಿದ್ದೆಯಲ್ಲಿ ಗೊರಕೆ, ಔಷಧಿ ಅಲರ್ಜಿ ಇದ್ದರೂ ತಿಳಿಸಿ.

ಮೆಡಿಕಲ್ ಅಂಗಡಿಯ ಕೆಮ್ಮಿನ ಸಿರಪ್ ಕುಡಿಸಿ ಮಲಗಿಸಿಕೊಂಡು ಬರುವುದು ಬೇಡವೇ ಬೇಡ. ಮಂಪರಿನ ಡೋಸ್ ಮಗುವಿನ ತೂಕ ನೋಡಿ ಕೊಡುವಂಥದ್ದು.

ಮಗು ಪೂರ್ತಿ ಎಚ್ಚರಾಗಿ ಗುರುತು ಹಿಡಿದು ಮಾತಾಡುವ ತನಕ ಮನೆಗೆ ಹೊರಡಬೇಡಿ. ಬೈಕ್ ಮೇಲೆ ತಲೆ ಜೋಲುವಂತೆ ಕೂರಿಸಬೇಡಿ. ಆ ದಿನ ಸೈಕಲ್, ಮಾಳಿಗೆ, ಬಾವಿ ಕಡೆ ಬಿಡಬೇಡಿ.

ಮಂಪರು ಕೊಟ್ರೆ ಬುದ್ಧಿ ಮಂದ ಆಗ್ತದೆ ಎಂಬ ಭಯ ಹಲವರಿಗಿದೆ. ಹೊಲಿಗೆಗಾಗಿ ಒಮ್ಮೆ ಕೊಡುವ ಔಷಧಿ ಕೆಲವು ಗಂಟೆಗಳಲ್ಲಿ ಇಳಿದು ಹೋಗ್ತದೆ. ಮನೆಗೆ ಬಂದ ಮೇಲೆ ಮಗು ಎಬ್ಬಿಸಿದರೂ ಏಳದಿದ್ದರೆ, ಉಸಿರಾಟ ಕಷ್ಟವಾದರೆ, ವಾಂತಿ ನಿಲ್ಲದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ.