ರಕ್ತಪರೀಕ್ಷೆಗೆ ಸಿಗದ ಗಾಯ

1969ರ ಸೆಪ್ಟೆಂಬರ್. ಬಾಸ್ಟನ್‌ನ ಮಾಜಿ ಸೈನಿಕರ ಆಸ್ಪತ್ರೆಗೆ ಸಾರಾ ಹೇಲಿ ಎಂಬ ಸಮಾಜ ಕಾರ್ಯಕರ್ತೆ ಹೊಸದಾಗಿ ಕೆಲಸಕ್ಕೆ ಸೇರಿದ್ದರು. ಮೊದಲ ದಿನವೇ ಅವರು ಮಾತನಾಡಿಸಬೇಕಾಗಿ ಬಂದದ್ದು ವಿಯೆಟ್ನಾಂನಿಂದ ಮರಳಿದ್ದ ಒಬ್ಬ ಸೈನಿಕನನ್ನು. ಆತ ತುಂಬಾ ಹೆದರಿದ್ದ. ಮೈ ಲಾಯ್ ಎಂಬ ಹಳ್ಳಿಯಲ್ಲಿ ತನ್ನ ತುಕಡಿಯವರು ಹೆಂಗಸರು, ಮಕ್ಕಳು ಎನ್ನದೆ ಗುಂಡಿಟ್ಟು ಕೊಂದರು, ತಾನು ಗುಂಡು ಹಾರಿಸಲಿಲ್ಲ, ಬಾಯಿಬಿಟ್ಟರೆ ಜೊತೆಯವರೇ ತನ್ನನ್ನು ಮುಗಿಸಿಬಿಡುತ್ತಾರೆ ಎಂದ. ಆಸ್ಪತ್ರೆಯ ಸಿಬ್ಬಂದಿ ಸಭೆಯಲ್ಲಿ ಅವನ ಕೇಸು ಚರ್ಚೆಗೆ ಬಂತು. ಹಿರಿಯರು ಬರೆದ ರೋಗದ ಹೆಸರು ಪ್ಯಾರನಾಯ್ಡ್ ಸ್ಕಿಜೋಫ್ರೇನಿಯಾ. ಅಂದರೆ ಅವನು ಹೇಳಿದ್ದೆಲ್ಲ ಭ್ರಮೆ, ಯಾರೋ ಕೊಲ್ಲಲು ಬರುತ್ತಿದ್ದಾರೆಂಬುದು ಹುಚ್ಚು ಶಂಕೆ. ಎರಡನೇ ಮಹಾಯುದ್ಧ ಕಂಡ ತಂದೆಯ ಮಗಳು ಹೇಲಿ. ಈತ ಹೇಳುತ್ತಿರುವುದು ನಿಜ ಇರಬಹುದು ಎಂದು ವಾದಿಸಿದರು. ಯಾರೂ ಕಿವಿಗೊಡಲಿಲ್ಲ.

ಎರಡು ತಿಂಗಳು ಕಳೆಯುವಷ್ಟರಲ್ಲಿ ಪತ್ರಕರ್ತ ಸೀಮರ್ ಹರ್ಶ್ ಅವರ ವರದಿ ಹೊರಬಂತು. 1968ರ ಮಾರ್ಚ್ 16ರಂದು ಮೈ ಲಾಯ್‌ನಲ್ಲಿ ಅಮೆರಿಕದ ಸೈನಿಕರು ನೂರಾರು ನಿರಾಯುಧ ಹಳ್ಳಿಗರನ್ನು ಕೊಂದದ್ದು ಜಗತ್ತಿಗೆಲ್ಲ ಗೊತ್ತಾಯಿತು. ಸೈನಿಕ ಹೇಳಿದ್ದು ಸತ್ಯ, ತಪ್ಪಾಗಿದ್ದದ್ದು ರೋಗನಿರ್ಣಯ.

ಆ ವೈದ್ಯರು ಕಟುಕರಾಗಿದ್ದರು ಎಂದುಕೊಳ್ಳಬೇಕಿಲ್ಲ. ಅವರ ಕೈಯಲ್ಲಿದ್ದ ಪುಸ್ತಕದಲ್ಲಿ ಈ ಕಾಯಿಲೆಗೆ ಜಾಗವೇ ಇರಲಿಲ್ಲ. ಅಮೆರಿಕದ ಮನೋವೈದ್ಯರು ರೋಗಗಳನ್ನು ಗುರುತಿಸಲು ಬಳಸುವ ಕೈಪಿಡಿ ಡಿಎಸ್‌ಎಂ. 1952ರ ಮೊದಲ ಆವೃತ್ತಿಯಲ್ಲಿ, ಯುದ್ಧದಂಥ ವಿಪರೀತ ಅನುಭವದಿಂದ ಸಹಜ ಮನುಷ್ಯನೂ ಕುಸಿಯಬಹುದು ಎಂಬ ಅರ್ಥದ ಒಂದು ರೋಗದ ಹೆಸರಿತ್ತು. 1968ರ ಎರಡನೇ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು. ಆ ವರ್ಷ ವಿಯೆಟ್ನಾಂನಲ್ಲಿ ಅಮೆರಿಕದ 5 ಲಕ್ಷಕ್ಕೂ ಹೆಚ್ಚು ಸೈನಿಕರಿದ್ದರು. ಅವರು ಊರಿಗೆ ಮರಳುವ ಹೊತ್ತಿಗೆ ಅವರ ನೋವಿಗೆ ಹೆಸರೇ ಇರಲಿಲ್ಲ.

ಹೆಸರು ಸಿಗದ ಕಷ್ಟ ಹಳೆಯದೇ. ಅಮೆರಿಕದ ಅಂತರ್ಯುದ್ಧದ ಸೈನಿಕರ ಎದೆಬಡಿತ, ಉಬ್ಬಸ, ಸುಸ್ತು ಕಂಡ ಜೇಕಬ್ ಡ ಕೋಸ್ಟಾ ಎಂಬ ವೈದ್ಯ 1871ರಲ್ಲಿ ಅದನ್ನು ಹೃದಯದ ತೊಂದರೆ ಎಂದು ಬರೆದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಳಸಿದ 'ಶೆಲ್ ಶಾಕ್' ಎಂಬ ಪದ ಮನೆಮಾತಾಯಿತು. ಆದರೂ ಆಗ ನಡೆಯುತ್ತಿದ್ದ ಮೊದಲ ಮಹಾಯುದ್ಧದಲ್ಲಿ ಹೇಡಿತನ, ಪರಾರಿಯಂಥ ಆರೋಪಗಳ ಮೇಲೆ ಬ್ರಿಟಿಷ್ ಸೇನೆ ತನ್ನದೇ 306 ಸೈನಿಕರನ್ನು ಗುಂಡಿಟ್ಟು ಕೊಂದಿತು. ಅವರಿಗೆ ಕ್ಷಮಾದಾನ ಸಿಕ್ಕಿದ್ದು 2006ರಲ್ಲಿ. ಅವರಲ್ಲಿ ಕೆಲವರಾದರೂ ಇಂದಿನ ಲೆಕ್ಕದಲ್ಲಿ ಕಾಯಿಲೆಯವರು. ರೋಗನಿರ್ಣಯ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕ್ರೂರ ಉದಾಹರಣೆ ನನಗೆ ಗೊತ್ತಿಲ್ಲ.

ವಿಯೆಟ್ನಾಂನಿಂದ ಬಂದವರು ಮಾತ್ರ ಸುಮ್ಮನೆ ಕೂರಲಿಲ್ಲ. 1970ರಿಂದ ನ್ಯೂಯಾರ್ಕ್‌ನಲ್ಲಿ ಗುಂಪುಗೂಡಿ ತಮ್ಮ ಅನುಭವ ಹಂಚಿಕೊಳ್ಳತೊಡಗಿದರು. ಮನೋವೈದ್ಯರಾದ ರಾಬರ್ಟ್ ಲಿಫ್ಟನ್ ಮತ್ತು ಖೈಮ್ ಶಾಟನ್ ಅವರ ಜೊತೆ ಕುಳಿತು ಕೇಳಿಸಿಕೊಂಡರು. ಇಂಥ ರೋಗಿ ಬಂದಾಗ ಹೇಗೆ ನಡೆದುಕೊಳ್ಳಬೇಕೆಂದು ಹೇಲಿ 1974ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಇವರೆಲ್ಲರ ಪಟ್ಟಿನ ಫಲವಾಗಿ ಡಿಎಸ್‌ಎಂನ 1980ರ ಮೂರನೇ ಆವೃತ್ತಿಯಲ್ಲಿ 'ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್' ಸೇರಿತು. ಕನ್ನಡದಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ ಎನ್ನಬಹುದು. ಬಳಕೆಯಲ್ಲಿರುವುದು ಪಿಟಿಎಸ್‌ಡಿ.

ಹೆಸರು ಸಿಕ್ಕಿತು. ಆದರೆ ಎದುರಿಗೆ ಕುಳಿತ ಮಾಜಿ ಸೈನಿಕನಿಗೆ ಅದೇ ಕಾಯಿಲೆ ಎಂದು ಹೇಳುವುದು ಹೇಗೆ? ಸಕ್ಕರೆ ಕಾಯಿಲೆಗೆ ರಕ್ತ ತೆಗೆಯುತ್ತಾರೆ, ಮೂಳೆ ಮುರಿದರೆ ಎಕ್ಸ್‌ರೇ. ಇಲ್ಲಿ ಇರುವುದು ಎರಡು ಕುರ್ಚಿ, ಒಂದು ಪ್ರಶ್ನಾವಳಿ ಮತ್ತು ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ಮಾತು. ಇಂದು ಅತ್ಯಂತ ನಂಬಲರ್ಹ ಎನಿಸಿಕೊಂಡಿರುವ ಸಂದರ್ಶನದ ಹೆಸರು ಕ್ಯಾಪ್ಸ್. ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಪಿಟಿಎಸ್‌ಡಿ ಕೇಂದ್ರದವರು ರೂಪಿಸಿದ್ದು ಇದು.

ಕನಸಿನ ವಿಷಯವನ್ನೇ ತೆಗೆದುಕೊಳ್ಳಿ. 'ಕೆಟ್ಟ ಕನಸು ಬೀಳುತ್ತದೆಯೇ' ಎಂದು ಕೇಳಿ ಹೌದು ಅಥವಾ ಇಲ್ಲ ಎಂದು ಬರೆದುಕೊಂಡರೆ ಮುಗಿಯುವುದಿಲ್ಲ. ಕನಸು ಆ ಘಟನೆಗೆ ಸಂಬಂಧಿಸಿದ್ದೇ? ಏನು ಕಾಣುತ್ತದೆ? ಎಚ್ಚರವಾಗುತ್ತದೆಯೇ? ಎದ್ದಾಗ ಮೈ ಬೆವರಿರುತ್ತದೆಯೇ? ಮತ್ತೆ ನಿದ್ದೆ ಹತ್ತಲು ಎಷ್ಟು ಹೊತ್ತು? ಕಳೆದ ಒಂದು ತಿಂಗಳಲ್ಲಿ ಎಷ್ಟು ಸಲ? ತಿಂಗಳಿಗೆ ಕನಿಷ್ಠ ಎರಡು ಸಲ ಬಿದ್ದು, ಸಂಕಟ ಸ್ಪಷ್ಟವಾಗಿದ್ದರೆ ಅದು ಲಕ್ಷಣವೆಂದು ಲೆಕ್ಕಕ್ಕೆ ಬರುತ್ತದೆ. ವಾರಕ್ಕೆ ಎರಡು ಸಲ ಬಿದ್ದು, ಒಂದು ಗಂಟೆಗಿಂತ ಹೆಚ್ಚು ನಿದ್ದೆ ಕೆಟ್ಟರೆ ಅದು ತೀವ್ರ. ಪ್ರತಿ ಲಕ್ಷಣಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಇಂಥ 20 ಲಕ್ಷಣಗಳಿವೆ.

ಅವನ್ನು ನಾಲ್ಕು ಗುಂಪು ಮಾಡಿದ್ದಾರೆ. ಬೇಡವೆಂದರೂ ನುಗ್ಗಿಬರುವ ನೆನಪು, ಕನಸುಗಳದ್ದು ಒಂದು. ನೆನಪು ಕೆದಕುವ ಜಾಗ, ಜನ, ಮಾತುಗಳಿಂದ ತಪ್ಪಿಸಿಕೊಳ್ಳುವುದು ಇನ್ನೊಂದು. ಇವೆರಡರಿಂದ ಒಂದೊಂದಾದರೂ ಲಕ್ಷಣ ಇರಬೇಕು. ತನ್ನನ್ನೇ ಹಳಿದುಕೊಳ್ಳುವುದು, ಪ್ರೀತಿಸಿದವರ ಮೇಲೂ ಮನಸ್ಸು ಮರಗಟ್ಟುವುದು ಮುಂತಾದ ಮೂರನೇ ಗುಂಪಿನಿಂದ ಎರಡು; ಬೆಚ್ಚಿಬೀಳುವುದು, ಸಿಡುಕು, ಸದಾ ಕಾವಲು ಕಾಯುವಂತಿರುವುದು ಸೇರಿದ ನಾಲ್ಕನೆಯದರಿಂದ ಎರಡು. ಇದೆಲ್ಲ ಒಂದು ತಿಂಗಳು ಮೀರಿರಬೇಕು, ಬದುಕು ಕೆಟ್ಟಿರಬೇಕು. ಹಿಂದೆ ಜೀವಕ್ಕೆ ಎರವಾಗುವಂಥ ಘಟನೆ, ಘೋರ ಗಾಯ ಅಥವಾ ಲೈಂಗಿಕ ದೌರ್ಜನ್ಯ ಇರಬೇಕು. ಯುದ್ಧಭೂಮಿಯನ್ನೇ ಕಾಣದೆ, ಸೇನೆಯೊಳಗೇ ದೌರ್ಜನ್ಯಕ್ಕೆ ಒಳಗಾದವರೂ ಇದರಲ್ಲಿ ಸೇರುತ್ತಾರೆ.

ಓದಲು ಸುಲಭ, ಕೇಳಿ ತಿಳಿಯುವುದು ಕಷ್ಟ. ಒಂದು ಕಾರಣ, ತಪ್ಪಿಸಿಕೊಳ್ಳುವುದೇ ಕಾಯಿಲೆಯ ಲಕ್ಷಣ. ಕಾಯಿಲೆಯೇ ಕಾಯಿಲೆಯನ್ನು ಮುಚ್ಚಿಡುತ್ತದೆ. 'ಎಲ್ಲ ಆರಾಮ' ಎನ್ನುವವನು ಸುಳ್ಳು ಹೇಳುತ್ತಿಲ್ಲ, ಆ ಬಾಗಿಲು ತೆರೆಯಲು ಅವನಿಂದ ಆಗುತ್ತಿಲ್ಲ ಅಷ್ಟೆ. ಇನ್ನೊಂದು, ಇಂದು ಕಾಯಿಲೆ ಎನಿಸುವುದು ನಿನ್ನೆ ಜೀವ ಉಳಿಸಿತ್ತು. ಇರಾಕ್‌ನಲ್ಲಿ ರಸ್ತೆ ಬದಿಯ ಬಾಂಬಿಗೆ ಹೆದರಿ ವಾಹನವನ್ನು ರಸ್ತೆಯ ನಟ್ಟನಡುವೆ ಓಡಿಸಿದವನು ಊರಿಗೆ ಬಂದ ಮೇಲೂ ಹಾಗೆಯೇ ಓಡಿಸುತ್ತಾನೆ. ಹೋಟೆಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಬಾಗಿಲಿನ ಕಡೆಗೇ ಮುಖ ಮಾಡಿ ಕೂರುತ್ತಾನೆ. ಅವನ ಲೆಕ್ಕದಲ್ಲಿ ಅದು ಜಾಣತನ. 'ನಿಮಗೆ ಭಯವೇ' ಎಂದು ಕೇಳಿದರೆ ಇಲ್ಲವೆನ್ನುತ್ತಾನೆ. 'ಎಲ್ಲಿ ಕೂರುತ್ತೀರಿ' ಎಂದು ಕೇಳಿದರೆ ಉತ್ತರ ಸಿಗುತ್ತದೆ.

ಇನ್ನೊಂದು ತೊಡಕು ತಲೆಪೆಟ್ಟು. ಸ್ಫೋಟದ ಅಲೆ ಮಿದುಳನ್ನು ಅಲುಗಿಸಿದರೂ ಸಿಡುಕು, ಮರೆವು, ನಿದ್ದೆಗೇಡು ಬರುತ್ತವೆ. ತಲೆನೋವು, ತಲೆಸುತ್ತು ಹೆಚ್ಚಿದ್ದರೆ ವೈದ್ಯರು ತಲೆಪೆಟ್ಟಿನ ಕಡೆ ನೋಡುತ್ತಾರೆ. ಘಟನೆ ಮತ್ತೆ ಮತ್ತೆ ಕಣ್ಣೆದುರು ನಡೆಯುತ್ತಿದ್ದರೆ ಪಿಟಿಎಸ್‌ಡಿ ಕಡೆ. ಎರಡೂ ಇರುವವರು ಬಹಳ. 2016ರಲ್ಲಿ ಡೇನಿಯಲ್ ಪರ್ಲ್ ಅವರ ತಂಡ ಸ್ಫೋಟಕ್ಕೆ ಸಿಕ್ಕಿದ್ದ ಸೈನಿಕರ ಮಿದುಳಿನಲ್ಲಿ ವಿಶಿಷ್ಟ ಕಲೆಗಳನ್ನು ಕಂಡಿತು. ಆದರೆ ಅವು ಕಂಡದ್ದು ಮರಣಾನಂತರ, ಸೂಕ್ಷ್ಮದರ್ಶಕದಡಿ.

ಬದುಕಿರುವವರ ಸ್ಕ್ಯಾನ್ ನೆರವಾಗದೇ? ಇದಕ್ಕೊಂದು ಸೊಗಸಾದ ಅಧ್ಯಯನವಿದೆ. ಪಿಟಿಎಸ್‌ಡಿ ಇರುವವರಲ್ಲಿ ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಚಿಕ್ಕದಿರುವುದು ಕಂಡಿತ್ತು. ಆಘಾತ ಅದನ್ನು ಕುಗ್ಗಿಸಿತೋ, ಮೊದಲೇ ಹಾಗಿತ್ತೋ? 2002ರಲ್ಲಿ ಮಾರ್ಕ್ ಗಿಲ್ಬರ್ಟ್‌ಸನ್ ಮತ್ತು ಸಂಗಡಿಗರು ತದ್ರೂಪಿ ಅವಳಿಗಳನ್ನು ಹುಡುಕಿದರು. ಒಬ್ಬ ವಿಯೆಟ್ನಾಂನಲ್ಲಿ ಕಾದಿದವನು, ಇನ್ನೊಬ್ಬ ಯುದ್ಧವನ್ನೇ ಕಾಣದವನು. ತೀವ್ರ ಪಿಟಿಎಸ್‌ಡಿ ಇದ್ದವನ ಹಿಪ್ಪೊಕ್ಯಾಂಪಸ್ ಚಿಕ್ಕದಿತ್ತು; ಮನೆಯಲ್ಲಿ ಉಳಿದ ಅವನ ಅವಳಿಯದ್ದೂ ಅಷ್ಟೇ ಚಿಕ್ಕದಿತ್ತು. ಅಂದರೆ ಅದು ಕಾಯಿಲೆಗೆ ತುತ್ತಾಗುವ ಸಾಧ್ಯತೆಯ ಗುರುತಿರಬಹುದು, ಗಾಯದ ಗುರುತಲ್ಲ. ಆ ಸ್ಕ್ಯಾನ್ ಇಟ್ಟುಕೊಂಡು ಇಬ್ಬರಲ್ಲಿ ಯಾರು ನರಳುತ್ತಿದ್ದಾರೆಂದು ಹೇಳಲು ಬರುವುದಿಲ್ಲ. ಇಬ್ಬರನ್ನೂ ಕೇಳಬೇಕು.

ಪರಿಹಾರದ ಹಣಕ್ಕಾಗಿ ಕಥೆ ಕಟ್ಟುವವರಿಲ್ಲವೇ ಎಂಬ ಶಂಕೆ ಏಳುವುದೂ ಇಲ್ಲಿಯೇ. ಅದನ್ನೂ ಒರೆಗೆ ಹಚ್ಚಿ ನೋಡಿದ್ದಾರೆ. 1980ರ ದಶಕದ ದೊಡ್ಡ ಸಮೀಕ್ಷೆಯೊಂದು ವಿಯೆಟ್ನಾಂನಿಂದ ಮರಳಿದ ಪುರುಷರಲ್ಲಿ ಶೇ 15.2 ಮಂದಿಗೆ ಆಗ ಪಿಟಿಎಸ್‌ಡಿ ಇತ್ತೆಂದಿತ್ತು. ಬ್ರೂಸ್ ಡೋರನ್‌ವೆಂಡ್ ತಂಡ ಸೇನಾ ದಾಖಲೆಗಳನ್ನು ತೆಗೆದು ಸೈನಿಕರ ಮಾತಿಗೆ ತಾಳೆ ಹಾಕಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಅಂಕಿ ಶೇ 9.1ಕ್ಕೆ ಇಳಿಯಿತು, ನಿಜ. ಆದರೆ ಅದಕ್ಕೆ ಕಾರಣ ಮಾನದಂಡ ಬಿಗಿಯಾದದ್ದು. ಸೈನಿಕರು ಸುಳ್ಳು ಹೇಳಿದ್ದಕ್ಕೆ ಪುರಾವೆ ಸಿಕ್ಕಿದ್ದು ತೀರಾ ಕಡಿಮೆ. ಸಾರಾ ಹೇಲಿ ಮೊದಲ ದಿನ ನಂಬಿದ್ದನ್ನು ವಿಜ್ಞಾನ ಒಪ್ಪಲು ಇಷ್ಟು ವರ್ಷ ಬೇಕಾಯಿತು.

ಗುರುತಿಸಿದರೆ ದಾರಿಯಿದೆ. ಆ ನೆನಪನ್ನು ನುರಿತವರ ಜೊತೆ ಹಂತಹಂತವಾಗಿ ಎದುರಿಸುವ ಮಾತಿನ ಚಿಕಿತ್ಸೆಗಳು ಪರಿಣಾಮಕಾರಿ. ಔಷಧಗಳೂ ಇವೆ. ಲಕ್ಷಣಗಳು ಎಷ್ಟೋ ತಿಂಗಳ ನಂತರ ಪೂರ್ತಿಯಾಗಿ ಕಾಣಿಸಿಕೊಳ್ಳುವುದೂ ಉಂಟು. ಹಾಗಾಗಿ 'ಆಗಲೇ ಇರಲಿಲ್ಲ, ಈಗೆಲ್ಲಿಂದ ಬಂತು' ಎಂದು ತಳ್ಳಿಹಾಕುವಂತಿಲ್ಲ.

ಕೊಡಗಿನಿಂದ ಬೆಳಗಾವಿಯವರೆಗೆ ನಮ್ಮಲ್ಲೂ ಪಿಂಚಣಿ ಪಡೆದು ಮರಳಿದ ಯೋಧರಿರುವ ಮನೆಗಳು ಸಾಕಷ್ಟಿವೆ. 'ಮಿಲಿಟರಿಯವರ ಸಿಟ್ಟು' ಎಂದು ಅವರ ಕೋಪಕ್ಕೆ ನಾವೇ ಒಂದು ಹೆಸರಿಟ್ಟು ಸುಮ್ಮನಾಗುತ್ತೇವೆ. ದೀಪಾವಳಿಯ ರಾತ್ರಿ ಪಟಾಕಿ ಸದ್ದಿಗೆ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುವವರು, ನಿದ್ದೆಯಲ್ಲಿ ಕೂಗಿ ಏಳುವವರು, ಕುಡಿಯದೆ ಮಲಗಲಾಗದವರು ನಿಮ್ಮ ಮನೆಯಲ್ಲಿದ್ದರೆ ಮೊದಲು ಗೊತ್ತಾಗುವುದು ನಿಮಗೇ. ವೈದ್ಯರ ಬಳಿ ಹೋಗುವಾಗ ನೀವೂ ಜೊತೆಗೆ ಹೋಗಿ, ಕಂಡದ್ದನ್ನು ಹೇಳಿ. ಮಾಜಿ ಸೈನಿಕರ ಪಾಲಿಕ್ಲಿನಿಕ್‌ನಿಂದ ಮನೋವೈದ್ಯರ ಬಳಿಗೆ ಕಳುಹಿಸುವ ಏರ್ಪಾಡಿದೆ. ಫೋನಿನಲ್ಲೇ ಮೊದಲ ಮಾತು ಆಡುವುದಾದರೆ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ ಹಗಲೂ ರಾತ್ರಿಯೂ ಕನ್ನಡದಲ್ಲಿ ಸಿಗುತ್ತದೆ. ಸಂಖ್ಯೆ 14416.