ಶಾಲೆಯ ಬೀದಿಯಲ್ಲಿ ವೇಗಕ್ಕೆ ಮಿತಿ ಬೇಡವೇ?

ಪುಣೆ ಒಂದು ಕಾಲಕ್ಕೆ ಸೈಕಲ್ಲುಗಳ ನಗರವೆಂದು ಹೆಸರಾಗಿತ್ತು. ಕಚೇರಿಯ ಗುಮಾಸ್ತನೂ ಕಾಲೇಜಿನ ವಿದ್ಯಾರ್ಥಿಯೂ ಹೋಟೆಲಿನ ಕೆಲಸಗಾರನೂ ಸೈಕಲ್ಲನ್ನೇ ತುಳಿಯುತ್ತಿದ್ದರು. ಇಂದು ಆ ಸ್ಥಾನವನ್ನು ಸ್ಕೂಟರು, ಮೋಟಾರ್ ಸೈಕಲ್ಲು, ಕಾರುಗಳು ಆಕ್ರಮಿಸಿಕೊಂಡಿವೆ. ಆದರೆ ಸದಾಶಿವ ಪೇಠ, ನಾರಾಯಣ ಪೇಠ, ಕಸಬಾ ಪೇಠಗಳ ಓಣಿಗಳು ಅದಕ್ಕೆ ತಕ್ಕಂತೆ ಅಗಲವಾಗಿಲ್ಲ. ಪಾದಚಾರಿಗಾಗಿಯೂ ಎತ್ತಿನ ಗಾಡಿಗಾಗಿಯೂ ಹುಟ್ಟಿದ ಬೀದಿಗಳಲ್ಲಿ ಮೋಟಾರಿನ ವೇಗ ಸೇರಿಕೊಂಡಿದೆ. ಅದೇ ಬೀದಿಗಳಲ್ಲಿ ಶಾಲೆಗಳೂ ಇವೆ. ಗಂಟೆ ಬಾರಿಸಿದೊಡನೆ ಬಾಗಿಲಿನಿಂದ ಹೊರಗೆ ಓಡುವ ಮಗುವಿಗೆ ರಸ್ತೆಯ ನಿಯಮ ನೆನಪಿಗೆ ಬರಲಾರದು. ನೆನಪಿಡಬೇಕಾದವರು ವಾಹನ ನಡೆಸುವ ದೊಡ್ಡವರು.

ಇದು ಸಣ್ಣ ವಿಷಯವೆಂದು ಯಾರೂ ತಿಳಿಯಬಾರದು. ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಇಲಾಖೆಯ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನರು ಪ್ರಾಣ ಕಳೆದುಕೊಂಡರು. ಅವರಲ್ಲಿ 32,825 ಮಂದಿ ಪಾದಚಾರಿಗಳು. 18 ವರ್ಷಕ್ಕೆ ಕೆಳಗಿನವರು 9,528 ಮಂದಿ. ಅಂದರೆ ದಿನವೊಂದಕ್ಕೆ ಸುಮಾರು 26 ಮಕ್ಕಳು. ಒಟ್ಟು ಮರಣಗಳಲ್ಲಿ ನೂರಕ್ಕೆ 71ರಷ್ಟಕ್ಕೆ ಅತಿವೇಗವೇ ಕಾರಣವೆಂದು ಅದೇ ವರದಿ ಹೇಳುತ್ತದೆ.

ವೇಗವೆಂದರೆ ಏನೆಂಬುದನ್ನು ಸುಲಭವಾದ ಲೆಕ್ಕದಿಂದ ತಿಳಿಯಬಹುದು. ಅಪಾಯವನ್ನು ಕಂಡ ಚಾಲಕನು ಬ್ರೇಕು ಒತ್ತಲು ಒಂದು ಸೆಕೆಂಡು ಬೇಕೆಂದು ಹಿಡಿಯೋಣ. ಗಂಟೆಗೆ 30 ಕಿಲೋಮೀಟರು ವೇಗದ ಕಾರು ಆ ಸೆಕೆಂಡಿನಲ್ಲಿ 8 ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಸಾಗುತ್ತದೆ. ಒಣ ರಸ್ತೆಯಲ್ಲಿ ಬ್ರೇಕು ಹಿಡಿದು ನಿಲ್ಲಲು ಇನ್ನೂ 5 ಮೀಟರು ಬೇಕು. ಹೀಗೆ ಸುಮಾರು 13 ಮೀಟರಿನಲ್ಲಿ ಅದು ನಿಲ್ಲುತ್ತದೆ. 50 ಕಿಲೋಮೀಟರು ವೇಗದ ಕಾರು ಮೊದಲ ಸೆಕೆಂಡಿನಲ್ಲಿಯೇ ಸುಮಾರು 14 ಮೀಟರು ಓಡಿರುತ್ತದೆ. ಎಂದರೆ, ನಿಧಾನದ ಕಾರು ನಿಂತುಬಿಟ್ಟ ಸ್ಥಳದಲ್ಲಿ ವೇಗದ ಕಾರಿನ ಬ್ರೇಕು ಇನ್ನೂ ಹಿಡಿದೇ ಇರುವುದಿಲ್ಲ. 13 ಮೀಟರು ಮುಂದೆ ಮಗುವೊಂದು ಅಡ್ಡ ಬಂದರೆ ಮೊದಲನೆಯ ಚಾಲಕನು ಬೆವರೊರೆಸಿಕೊಂಡು ಮನೆಗೆ ಹೋಗುತ್ತಾನೆ. ಎರಡನೆಯವನು ಪೊಲೀಸ್ ಠಾಣೆಗೆ ಹೋಗುತ್ತಾನೆ. ಮಗುವಿನ ಗತಿಯನ್ನು ಬರೆಯಲು ಲೇಖನಿ ಏಳುವುದಿಲ್ಲ.

‘ಹೊತ್ತು ಹಾಳಾಗುತ್ತದೆ’ ಎಂಬುದು ವಿರೋಧಿಸುವವರ ಮುಖ್ಯ ಮಾತು. ಅದನ್ನೂ ಲೆಕ್ಕ ಹಾಕಿ ನೋಡೋಣ. ಶಾಲೆಯ ಅಕ್ಕಪಕ್ಕದ ಒಂದು ಕಿಲೋಮೀಟರು ದಾರಿಯನ್ನು 50ರ ಬದಲು 30ರ ವೇಗದಲ್ಲಿ ಕ್ರಮಿಸಿದರೆ ತಗಲುವ ಹೆಚ್ಚಿನ ಹೊತ್ತು 48 ಸೆಕೆಂಡು ಮಾತ್ರ. ಒಂದು ಲೋಟ ಕಾಫಿಯನ್ನು ಆರಿಸಿಕೊಳ್ಳುವುದಕ್ಕೂ ಅಷ್ಟು ಹೊತ್ತು ಸಾಲದು.

ಕಾನೂನು ಇದಕ್ಕೆ ಅಡ್ಡಿಯಾಗಿಲ್ಲ. ಮೋಟಾರು ವಾಹನಗಳ ಕಾಯಿದೆ, 1988ರ 112ನೆಯ ಕಲಮಿನಂತೆ ಕೇಂದ್ರ ಸರ್ಕಾರವು ಗರಿಷ್ಠ ವೇಗವನ್ನು ಗೊತ್ತುಪಡಿಸುತ್ತದೆ. 2018ರ ಏಪ್ರಿಲಿನ ಅಧಿಸೂಚನೆಯಲ್ಲಿ ನಗರಸೀಮೆಯೊಳಗೆ ಕಾರಿಗೆ 70, ಮೋಟಾರ್ ಸೈಕಲ್ಲಿಗೆ 60 ಕಿಲೋಮೀಟರೆಂದು ಹೇಳಲಾಗಿತ್ತು. ಓಣಿಯ ಶಾಲೆಗೆ ಈ ಅಂಕಿ ಹೊಂದುವುದೇ? ಆದರೆ ಸಾರ್ವಜನಿಕ ಸುರಕ್ಷತೆಗಾಗಿಯೋ ರಸ್ತೆಯ ಸ್ವರೂಪವನ್ನು ನೋಡಿಯೋ ಇದಕ್ಕಿಂತ ಕಡಿಮೆ ಮಿತಿಯನ್ನು ವಿಧಿಸುವ ಅಧಿಕಾರವನ್ನು ಅದೇ ಕಲಮು ರಾಜ್ಯ ಸರ್ಕಾರಕ್ಕೂ, ಅದು ನೇಮಿಸಿದ ಅಧಿಕಾರಿಗಳಿಗೂ ಕೊಟ್ಟಿದೆ. ಅಧಿಸೂಚನೆ ಹೊರಡಿಸಿ ಫಲಕ ನೆಟ್ಟರೆ ಮಿತಿಯು ಜಾರಿಗೆ ಬರುತ್ತದೆ.

ಹೊರದೇಶಗಳ ಅನುಭವವೂ ನಮ್ಮ ಮುಂದಿದೆ. ಆಸ್ಟ್ರಿಯಾದ ಗ್ರಾತ್ಸ್ ನಗರವು 1992ರಲ್ಲಿಯೇ ಮುಖ್ಯ ರಸ್ತೆಗಳನ್ನು ಬಿಟ್ಟು ಮಿಕ್ಕೆಲ್ಲ ಬೀದಿಗಳಲ್ಲಿ 30ರ ಮಿತಿಯನ್ನು ತಂದಿತು. 2020ರ ಸ್ಟಾಕ್‌ಹೋಮ್ ಘೋಷಣೆಯು ಪಾದಚಾರಿಗಳೂ ವಾಹನಗಳೂ ಕೂಡಿ ಸಂಚರಿಸುವೆಡೆಗಳಲ್ಲಿ ಇದೇ ಮಿತಿಯನ್ನು ಸೂಚಿಸಿತು. ಸ್ಪೇನ್ ದೇಶವು 2021ರ ಮೇ ತಿಂಗಳಿನಲ್ಲಿ ನಗರಗಳ ಕಿರಿಯ ಬೀದಿಗಳಿಗೆ ಇದನ್ನು ಅನ್ವಯಿಸಿತು. ವೇಲ್ಸ್ ನಾಡು 2023ರ ಸೆಪ್ಟೆಂಬರಿನಲ್ಲಿ ಜನವಸತಿಯ ರಸ್ತೆಗಳಲ್ಲಿ ಗಂಟೆಗೆ 20 ಮೈಲಿಯ ಮಿತಿಯನ್ನು ತಂದಾಗ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ವಿರೋಧದ ಮನವಿಗೆ ಸಹಿ ಹಾಕಿದರು. ಆದರೂ ಅಂತಹ ರಸ್ತೆಗಳಲ್ಲಿ ಗಾಯಗೊಂಡವರ ಸಂಖ್ಯೆ ಇಳಿಯಿತೆಂಬುದನ್ನು ಪೊಲೀಸರ ಅಂಕಿಗಳು ತೋರಿಸಿದವು.

ನಮ್ಮ ನಗರದಲ್ಲಿ ಎಚ್ಚರಿಕೆಯು ದೊಡ್ಡ ದುರಂತದ ಮರುದಿನ ಮಾತ್ರ ಮೂಡುತ್ತದೆ. ಬೆಂಗಳೂರಿನ ಹೆದ್ದಾರಿಯಲ್ಲಿ ಊರಿನಿಂದ ಬರುವ ನಮ್ಮವರಿಗೆಲ್ಲ ಕಾತ್ರಜದ ಸುರಂಗವನ್ನು ದಾಟಿದ ಮೇಲೆ ಸಿಗುವ ನವಲೆ ಸೇತುವೆಯ ಇಳಿಜಾರು ಗೊತ್ತು. 2022ರ ನವೆಂಬರ್ 20ರಂದು ಅಲ್ಲಿ ಸುಮಾರು 48 ವಾಹನಗಳು ಜಜ್ಜಿಹೋದವು; 2025ರ ನವೆಂಬರಿನಲ್ಲಿ ಮತ್ತೆ ಅಲ್ಲಿಯೇ ಹಲವರು ಸತ್ತರು. 2024ರ ಮೇ 19ರ ನಡುರಾತ್ರಿ ಕಲ್ಯಾಣಿನಗರದಲ್ಲಿ ಬಹು ಬೆಲೆಯ ಕಾರೊಂದು ಇಬ್ಬರು ತರುಣ ಎಂಜಿನಿಯರರನ್ನು ಬಲಿತೆಗೆದುಕೊಂಡಿತು; ಅದನ್ನು ನಡೆಸುತ್ತಿದ್ದವನು 17 ವರ್ಷದ ಹುಡುಗನೆಂದು ಪೊಲೀಸರು ಹೇಳಿದರು. ಇಂತಹ ಘಟನೆಗಳಿಗೆ ದೇಶವೇ ಮರುಗುತ್ತದೆ. ಆದರೆ ಓಣಿಯಲ್ಲಿ ಕಾಲು ಮುರಿದುಕೊಂಡ ಶಾಲೆಯ ಹುಡುಗನ ಸುದ್ದಿ ಪತ್ರಿಕೆಯ ಮೂಲೆಗೂ ಬರುವುದಿಲ್ಲ.

ಫಲಕ ನೆಟ್ಟು ಕೈ ತೊಳೆದುಕೊಂಡರೆ ಕೆಲಸ ಮುಗಿಯದು. ಅಗಲವಾಗಿಯೂ ನುಣುಪಾಗಿಯೂ ಇರುವ ರಸ್ತೆಯು ಚಾಲಕನನ್ನು ಓಡೆಂದು ಕರೆಯುತ್ತದೆ, ಫಲಕವು ಬೇಡವೆನ್ನುತ್ತದೆ. ಆತ ರಸ್ತೆಯ ಮಾತನ್ನೇ ಕೇಳುತ್ತಾನೆ. ಆದುದರಿಂದ ಶಾಲೆಯ ಮುಂದೆ ಕಾಲುದಾರಿಯನ್ನು ಅಗಲಗೊಳಿಸಬೇಕು. ದಾಟುವ ಪಟ್ಟೆಯನ್ನು ಕಾಲುದಾರಿಯ ಮಟ್ಟಕ್ಕೆ ಎತ್ತರಿಸಬೇಕು. ಉಬ್ಬುಗಳನ್ನು ಹಾಕುವುದಾದರೆ ಬಣ್ಣ ಬಳಿದು, ದೂರದಿಂದಲೇ ಕಾಣುವಂತೆ ಮಾಡಬೇಕು. ಕತ್ತಲೆಯಲ್ಲಿ ಕಾಣದ ಉಬ್ಬು ಹೊಸ ಅಪಘಾತಕ್ಕೆ ಕಾರಣವಾದೀತು.

ಇಷ್ಟನ್ನು ಪಾಲಿಕೆಯಿಂದ ಕೇಳುವ ನಾವು ನಮ್ಮ ಗಲ್ಲಾದ ಕಡೆಗೂ ನೋಡಿಕೊಳ್ಳಬೇಕು. ಇಂದು ಹೋಟೆಲಿನ ತಿಂಡಿಯು ಅರ್ಧಕ್ಕರ್ಧ ಮೋಟಾರ್ ಸೈಕಲ್ಲಿನ ಮೇಲೆ ಮನೆಮನೆಗೆ ಹೋಗುತ್ತದೆ. ಅಡಿಗೆಮನೆಯಲ್ಲಿ ತಡವಾದ ಹತ್ತು ನಿಮಿಷವನ್ನು ಪಾರ್ಸೆಲು ಒಯ್ಯುವ ಹುಡುಗನು ರಸ್ತೆಯಲ್ಲಿ ಗಳಿಸಲು ಹೋಗುತ್ತಾನೆ. ಅವನೂ ನಮ್ಮಂತೆ ಊರು ಬಿಟ್ಟು ಬಂದವನೇ. ತಡವಾದರೆ ಗಿರಾಕಿಗೆ ಹೇಳುವ ಕೆಲಸ ಮಾಲೀಕನದು. ಪ್ರಾಣವನ್ನು ಪಣವಿಡುವುದು ಹುಡುಗನ ಕೆಲಸವಲ್ಲ. ತರಕಾರಿಯ ಟೆಂಪೋ, ಗ್ಯಾಸಿನ ಬಂಡಿಗಳು ಶಾಲೆ ಬಿಡುವ ಹೊತ್ತಿನಲ್ಲಿ ಅದರ ಬಾಗಿಲಿಗೆ ಅಡ್ಡ ನಿಲ್ಲದಂತೆ ನೋಡಿಕೊಳ್ಳುವುದೂ ನಮ್ಮಿಂದ ಆಗತಕ್ಕ ಕೆಲಸ. ಮೀಸೆ ಚಿಗುರುವ ಮೊದಲೇ ಮಗನಿಗೆ ಸ್ಕೂಟರಿನ ಕೀಲಿಕೈ ಕೊಡುವ ತಂದೆಯರು ಕಾಯಿದೆಯ 199ಎ ಕಲಮನ್ನು ತಿಳಿದಿರಬೇಕು. ಅಪ್ರಾಪ್ತನು ಅಪರಾಧವೆಸಗಿದರೆ ಪೋಷಕನಿಗೆ ಅಥವಾ ವಾಹನದ ಮಾಲೀಕನಿಗೆ 25,000 ರೂಪಾಯಿ ದಂಡವೂ ಮೂರು ವರ್ಷಗಳವರೆಗೆ ಸೆರೆವಾಸವೂ ಉಂಟು.

ಎರಂಡವಣೆಯಲ್ಲಿ ಕನ್ನಡ ಸಂಘವು ನಡೆಸುವ ಶಾಲೆಗೆ ನಮ್ಮವರ ಮಕ್ಕಳು ಹೋಗುತ್ತಾರೆ; ಅನೇಕರ ಮಕ್ಕಳು ಮರಾಠಿ ಶಾಲೆಗಳಲ್ಲಿಯೂ ಪಾಲಿಕೆಯ ಶಾಲೆಗಳಲ್ಲಿಯೂ ಓದುತ್ತಾರೆ. ಬೀದಿಯನ್ನು ದಾಟುವ ಮಗುವಿಗೆ ಭಾಷೆಯ ಭೇದವಿಲ್ಲ. ಆದುದರಿಂದ ನಮ್ಮ ಓದುಗ ಬಂಧುಗಳಲ್ಲಿ ಒಂದು ವಿನಂತಿ. ತಮ್ಮ ಮಕ್ಕಳ ಶಾಲೆಯ ಪಾಲಕರ ಸಭೆಯಲ್ಲಿ ಈ ಪ್ರಶ್ನೆಯನ್ನು ಎತ್ತಿರಿ. ನೆರೆಯ ಮರಾಠಿ ಬಾಂಧವರೊಡನೆ ಕೂಡಿ, 30 ಕಿಲೋಮೀಟರಿನ ಮಿತಿಯನ್ನೂ ಎತ್ತರಿಸಿದ ದಾಟುಪಟ್ಟೆಯನ್ನೂ ಕೇಳುವ ಮನವಿಯನ್ನು ಸಂಚಾರ ಪೊಲೀಸರಿಗೂ ಮಹಾನಗರಪಾಲಿಕೆಗೂ ಬರೆದು ಕೊಡಿರಿ. ಕೊಟ್ಟುದಕ್ಕೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿರಿ. ಅಧಿಸೂಚನೆ ಹೊರಡುವವರೆಗೆ ಕಾಯಬೇಕೆಂದೇನೂ ಇಲ್ಲ. ಶಾಲೆಯ ಬೀದಿಯಲ್ಲಿ ನಿಧಾನವಾಗಿ ಹೋಗುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಅದನ್ನು ನಾಳೆಯ ಮುಂಜಾನೆಯೇ ಆರಂಭಿಸಬಹುದು.